ಕರ್ನಲ್ ಒಂದೇ, ಆದರೂ ಡಿಸ್ಟ್ರೋ ಬದಲಾದರೆ ಪ್ರೋಗ್ರಾಂ ಯಾಕೆ ಓಡಲ್ಲ?

ಹಸಿರುಕರ್ಸರ್

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಪ್ರಶ್ನೆ ಇದೆ, ಅದರ ಬೆನ್ನಿಗೇ ಒಂದು ದೊಡ್ಡ ಪ್ರಶ್ನೆ.

ಸಿ ಪ್ಲಸ್ ಪ್ಲಸ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದೇನೆ. ಫೋಟೋ ತೆಗೆದ ದಿನಾಂಕ ನೋಡಿ ಫೈಲಿನ ಹೆಸರು ಬದಲಿಸುತ್ತದೆ. ಅಡ್ಡ ಫೋಟೋ, ಉದ್ದ ಫೋಟೋಗಳನ್ನು ಬೇರೆ ಬೇರೆ ಫೋಲ್ಡರಿಗೆ ಹಾಕುತ್ತದೆ. ಫೋಟೋದೊಳಗಿನ ಮಾಹಿತಿ ಓದಲು ಎಕ್ಸಿವ್2 ಲೈಬ್ರರಿ ಬಳಸಿದ್ದೇನೆ. ಉಬುಂಟು 22.04ರಲ್ಲಿ ಕಂಪೈಲ್ ಮಾಡಿದಾಗ ಚೆನ್ನಾಗಿ ಓಡಿತು. ಅದೇ ಬೈನರಿಯನ್ನು (ಕಂಪೈಲ್ ಆಗಿ ಬಂದ, ನೇರವಾಗಿ ಓಡುವ ಫೈಲನ್ನು) ಬೇರೆ ಡಿಸ್ಟ್ರೋ, ಅಂದರೆ ಲಿನಕ್ಸ್‌ನ ಬೇರೆ ಬಗೆ, ಬಳಸುವ ಗೆಳೆಯರಿಗೆ ಕಳಿಸಿದೆ.

ಡೆಬಿಯನ್ 11 ಇದ್ದವರಿಗೆ ‘ಜಿಲಿಬ್‌ಸಿ 2.34 ಸಿಗಲಿಲ್ಲ’ ಅಂತ ಬಂತು. ಹೊಸ ಫೆಡೋರಾ ಇದ್ದವರಿಗೆ ಎಕ್ಸಿವ್2 ಲೈಬ್ರರಿಯ 27ನೇ ನಂಬರಿನ ಫೈಲ್ ಕಾಣೆ. ಆಲ್ಪೈನ್‌ನಲ್ಲಿ ಆದದ್ದು ಇನ್ನೂ ವಿಚಿತ್ರ. ಫೋಲ್ಡರಿನಲ್ಲಿ ನನ್ನ ಫೈಲ್ ಕಣ್ಣೆದುರಿಗೇ ಇದೆ, ಓಡಿಸಲು ಹೋದರೆ ‘ನಾಟ್ ಫೌಂಡ್’ ಅನ್ನುತ್ತದೆ!

ಎಲ್ಲವೂ ಲಿನಕ್ಸೇ. ಪ್ರೊಸೆಸರ್ ಕೂಡ ಒಂದೇ ಬಗೆಯದು. ಡೆಬಿಯನ್, ಸ್ಲ್ಯಾಕ್‌ವೇರ್ ಹುಟ್ಟಿದ್ದು 1993ರಲ್ಲಿ. ಇಷ್ಟು ವರ್ಷ ಆದರೂ ಡಿಸ್ಟ್ರೋಗಳು ಕೂತು ಮಾತಾಡಿ ಒಂದು ಒಪ್ಪಂದಕ್ಕೆ ಬರಲು ಆಗಿಲ್ಲವಾ?

ಮರುಬೂಟ್

ಸಣ್ಣ ಪ್ರಶ್ನೆ ಮೊದಲು ನೋಡೋಣ. ನಿಮಗೆ ಬಂದ ಮೂರು ದೂರುಗಳಿಗೂ ಕಾರಣ ಬೇರೆ ಬೇರೆ.

ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಅದರ ವಿಷಯದಲ್ಲಿ ನೀವು ಹೇಳಿದ್ದು ಸರಿ. ಓಡುತ್ತಿರುವ ಪ್ರೋಗ್ರಾಂಗಳನ್ನು ಕರ್ನಲ್‌ನ ಹೊಸ ಆವೃತ್ತಿ ಕೆಡಿಸಬಾರದು ಅನ್ನುವುದು ಲಿನಸ್ ಟೊರ್ವಾಲ್ಡ್ಸ್ ಅವರ ಕಟ್ಟುನಿಟ್ಟಿನ ನಿಯಮ. ಆದರೆ ನಿಮ್ಮ ಪ್ರೋಗ್ರಾಂ ಕರ್ನಲ್ ಜೊತೆ ನೇರವಾಗಿ ಮಾತಾಡುವುದು ಕಡಿಮೆ. ನಡುವೆ ಸಿ ಲೈಬ್ರರಿ ಇದೆ. ಹೆಚ್ಚಿನ ಡಿಸ್ಟ್ರೋಗಳಲ್ಲಿ ಅದು ಜಿಲಿಬ್‌ಸಿ.

ಜಿಲಿಬ್‌ಸಿ ತನ್ನ ಪ್ರತಿ ಫಂಕ್ಷನ್ನಿಗೂ ಒಂದು ಆವೃತ್ತಿ ನಂಬರ್ ಅಂಟಿಸುತ್ತದೆ. ಹಳೇ ನಂಬರ್‌ಗಳನ್ನು ತೆಗೆಯುವುದಿಲ್ಲ, ಪಕ್ಕದಲ್ಲಿ ಹೊಸದನ್ನು ಸೇರಿಸುತ್ತದೆ. ಹಾಗಾಗಿ ಹಳೆಯದರಲ್ಲಿ ಕಂಪೈಲ್ ಮಾಡಿದ್ದು ಹೊಸದರಲ್ಲಿ ಓಡುತ್ತದೆ. ಹೊಸದರಲ್ಲಿ ಮಾಡಿದ್ದು ಹಳೆಯದರಲ್ಲಿ ಓಡುವ ಖಾತರಿ ಇಲ್ಲ. ಉಬುಂಟು 22.04ರಲ್ಲಿ ಇರುವುದು 2.35, ಡೆಬಿಯನ್ 11ರಲ್ಲಿ 2.31. 2021ರಲ್ಲಿ ಬಂದ 2.34 ದೊಡ್ಡ ಬದಲಾವಣೆ. ಆಗ ಥ್ರೆಡ್ ಲೈಬ್ರರಿಯನ್ನು ಮುಖ್ಯ ಲೈಬ್ರರಿಯೊಳಗೇ ಸೇರಿಸಿದರು. ಪ್ರೋಗ್ರಾಂ ಶುರುವಾಗುವಾಗ ಮೊದಲು ಕರೆಯುವ ಫಂಕ್ಷನ್ನಿಗೂ ಹೊಸ ನಂಬರ್ ಬಂತು. ಅಂದರೆ ಬರೀ ‘ಹಲೋ’ ಅಂತ ಮುದ್ರಿಸುವ ಪ್ರೋಗ್ರಾಂ ಬರೆದರೂ ಅದು 2.34 ಕೇಳುತ್ತದೆ. ನಿಮ್ಮ ಕೋಡಿನಲ್ಲಿ ತಪ್ಪೇನೂ ಇಲ್ಲ. ಆಬ್ಜ್‌ಡಂಪ್ ಕಮಾಂಡಿಗೆ ದೊಡ್ಡಕ್ಷರದ ‘ಟಿ’ ಆಯ್ಕೆ ಕೊಟ್ಟು ನಿಮ್ಮ ಬೈನರಿಯನ್ನು ನೋಡಿ, ಯಾವ ಫಂಕ್ಷನ್ ಯಾವ ಆವೃತ್ತಿ ಕೇಳುತ್ತಿದೆ ಅಂತ ಸಾಲುಸಾಲಾಗಿ ತೋರಿಸುತ್ತದೆ.

ಫೆಡೋರಾದ್ದು ಎಕ್ಸಿವ್2 ಸಮಸ್ಯೆ. ಉಬುಂಟು 22.04ರಲ್ಲಿ 0.27 ಇದೆ, ಹೊಸ ಫೆಡೋರಾಗಳಲ್ಲಿ 0.28. ಎರಡೂ ಒಂದಕ್ಕೊಂದು ಹೊಂದುವುದಿಲ್ಲ ಅಂತ ಆ ಲೈಬ್ರರಿಯವರೇ ಫೈಲಿನ ನಂಬರ್ ಬದಲಿಸಿದ್ದಾರೆ. ಅದು ಅವರು ಸರಿಯಾಗಿ ಮಾಡಿದ ಕೆಲಸ.

ಆಲ್ಪೈನ್‌ನಲ್ಲಿ ಜಿಲಿಬ್‌ಸಿ ಇಲ್ಲ, ಮಸಲ್ ಅನ್ನುವ ಬೇರೆ ಸಿ ಲೈಬ್ರರಿ ಇದೆ. ನಿಮ್ಮ ಬೈನರಿಯೊಳಗೆ ‘ನನ್ನನ್ನು ಓಡಿಸಲು ಈ ಲೋಡರ್ ಬೇಕು’ ಅಂತ ಜಿಲಿಬ್‌ಸಿಯ ಲೋಡರ್ ವಿಳಾಸ ಬರೆದಿರುತ್ತದೆ. ಆಲ್ಪೈನ್‌ನಲ್ಲಿ ಇಲ್ಲದಿರುವುದು ಆ ಲೋಡರ್. ಶೆಲ್ ಅದನ್ನು ಬಿಡಿಸಿ ಹೇಳುವುದಿಲ್ಲ, ಅದಕ್ಕೇ ನಿಮ್ಮ ಫೈಲೇ ಇಲ್ಲವೇನೋ ಅನ್ನಿಸುತ್ತದೆ.

ಸೂಜಿದಾರ

ಲೈಬ್ರರಿ ಸಮಸ್ಯೆಗಾದರೂ ಒಂದು ತಾಂತ್ರಿಕ ಕಾರಣ ಇದೆ. ಹೆಸರುಗಳ ಗೋಜಲಿಗೆ ಏನು ಕಾರಣ ಹೇಳುತ್ತೀರಿ? ಅಪಾಚೆ ವೆಬ್ ಸರ್ವರ್ ಡೆಬಿಯನ್‌ನಲ್ಲಿ ‘ಅಪಾಚೆ2’, ಫೆಡೋರಾದಲ್ಲಿ ‘ಎಚ್‌ಟಿಟಿಪಿಡಿ’. ಅಡ್ಮಿನ್ ಅಧಿಕಾರ ಕೊಡುವ ಗುಂಪು ಒಂದು ಕಡೆ ‘ಸುಡೋ’, ಇನ್ನೊಂದು ಕಡೆ ‘ವೀಲ್’. ನನ್ನ ಕೆಲಸವೇ ಸರ್ವರ್‌ಗಳಿಗೆ ಇನ್‌ಸ್ಟಾಲ್ ಸ್ಕ್ರಿಪ್ಟ್ ಬರೆಯುವುದು. ಅದರಲ್ಲಿ ಅರ್ಧ ಬರೀ ‘ಇದು ಡೆಬಿಯನ್ ಆದರೆ ಹೀಗೆ, ಆಗದಿದ್ದರೆ ಹಾಗೆ’ ಅನ್ನುವ ಸಾಲುಗಳು.

ಒಂದು ಉದಾಹರಣೆ ನೀವೇ ತೆಗೆದು ನೋಡಬಹುದು. ಸುರಕ್ಷಿತ ವೆಬ್ ಸಂಪರ್ಕಕ್ಕೆ ಬೇಕಾದ ಮೂಲ ಸರ್ಟಿಫಿಕೇಟ್‌ಗಳ ಕಂತೆ ಎಲ್ಲ ಡಿಸ್ಟ್ರೋಗಳಲ್ಲೂ ಇರುತ್ತದೆ. ಆದರೆ ಇಡುವ ಜಾಗ ಒಂದೇ ಅಲ್ಲ. ಗೋ ಭಾಷೆಯ ಲೈಬ್ರರಿಯ ಸೋರ್ಸ್ ತೆಗೆದರೆ, ಲಿನಕ್ಸ್‌ಗೆ ಅಂತಲೇ ಫೈಲ್‌ಗಳ ವಿಳಾಸಗಳ ಒಂದು ಪಟ್ಟಿ ಇದೆ. ಪ್ರತಿ ಸಾಲಿನ ಪಕ್ಕದಲ್ಲಿ ಕಾಮೆಂಟ್: ಇದು ಡೆಬಿಯನ್, ಉಬುಂಟು, ಜೆಂಟೂಗೆ, ಇದು ಫೆಡೋರಾಗೆ, ಇದು ಓಪನ್‌ಸೂಸೆಗೆ, ಇದು ಆಲ್ಪೈನ್‌ಗೆ. ಪ್ರೋಗ್ರಾಂ ಒಂದೊಂದೇ ಬಾಗಿಲು ತಟ್ಟುತ್ತಾ ಹೋಗುತ್ತದೆ, ಯಾವುದು ಸಿಕ್ಕಿತೋ ಅದನ್ನು ಓದುತ್ತದೆ. ಒಂದು ಫೈಲನ್ನು ಎಲ್ಲಿ ಇಡಬೇಕು ಅಂತ ಒಪ್ಪದಿದ್ದ ತಪ್ಪಿಗೆ ಪ್ರತಿಯೊಂದು ಭಾಷೆಯವರೂ ಇಂಥ ಪಟ್ಟಿ ಇಟ್ಟುಕೊಳ್ಳಬೇಕು. ಇದು ನಿಜಕ್ಕೂ ಬೇಸರದ ವಿಷಯ.

ಹಳೇಟಾರ್‌ಬಾಲ್

‘ಕೂತು ಮಾತಾಡಿ ಒಪ್ಪಂದಕ್ಕೆ ಬರಲು ಆಗಿಲ್ಲವಾ’ ಅಂತ ಕೇಳಿದಿರಲ್ಲ, ಕೂತಿದ್ದರು. ಒಪ್ಪಂದ ಬರೆದೂ ಇದ್ದರು. ಆ ಕಥೆ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ.

ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್, ಚಿಕ್ಕದಾಗಿ ಎಲ್‌ಎಸ್‌ಬಿ. ಫ್ರೀ ಸ್ಟ್ಯಾಂಡರ್ಡ್ಸ್ ಗ್ರೂಪ್ ಅನ್ನುವ ಸಂಸ್ಥೆ 2001ರಲ್ಲಿ ಇದರ 1.0 ಆವೃತ್ತಿ ಹೊರತಂದಿತು. ಯಾವ ಲೈಬ್ರರಿ ಇರಲೇಬೇಕು, ಯಾವ ಫಂಕ್ಷನ್ ಹೇಗೆ ನಡೆದುಕೊಳ್ಳಬೇಕು, ಪ್ಯಾಕೇಜ್ ಯಾವ ರೂಪದಲ್ಲಿರಬೇಕು, ಎಲ್ಲ ಅದರಲ್ಲಿತ್ತು. 2006ರಲ್ಲಿ ಐಎಸ್‌ಓ ಮಾನಕವೂ ಆಯಿತು. ಮರುವರ್ಷ ಆ ಸಂಸ್ಥೆ ಓಎಸ್‌ಡಿಎಲ್ ಅನ್ನುವ ಇನ್ನೊಂದು ಸಂಸ್ಥೆಯ ಜೊತೆ ಸೇರಿ ಲಿನಕ್ಸ್ ಫೌಂಡೇಶನ್ ಆಯಿತು. 2015ರಲ್ಲಿ 5.0 ಬಂತು. ಅದೇ ವರ್ಷ ಡೆಬಿಯನ್ ಎಲ್‌ಎಸ್‌ಬಿ ಬೆಂಬಲವನ್ನು ಬಹುಮಟ್ಟಿಗೆ ಕೈಬಿಟ್ಟಿತು.

ಯಾಕೆ ನಡೆಯಲಿಲ್ಲ? ನನ್ನ ಅಭಿಪ್ರಾಯದಲ್ಲಿ ಎರಡು ಕಾರಣ. ಪ್ಯಾಕೇಜ್ ಅಂದರೆ ಆರ್‌ಪಿಎಂ (ರೆಡ್ ಹ್ಯಾಟ್ ಬಳಗದ ಪ್ಯಾಕೇಜ್ ರೂಪ) ಅಂತ ಅದು ನಿಗದಿ ಮಾಡಿತು. ಡೆಬಿಯನ್ ಬಳಗದವರು ‘ಏಲಿಯನ್’ ಅನ್ನುವ ಸಾಧನದಲ್ಲಿ ಅದನ್ನು ತಮ್ಮ ಡೆಬ್ ರೂಪಕ್ಕೆ ಪರಿವರ್ತಿಸಿಕೊಳ್ಳಬೇಕಿತ್ತು. ಎರಡನೆಯದು ಇನ್ನೂ ಮುಖ್ಯ. ಪ್ರೋಗ್ರಾಂ ಬರೆಯುವವರು ಅದನ್ನು ಬಳಸಲೇ ಇಲ್ಲ. ಎಲ್‌ಎಸ್‌ಬಿ ಪ್ರಮಾಣಪತ್ರ ಪಡೆದ ಡಿಸ್ಟ್ರೋಗಳು ಇದ್ದವು, ಅಪ್ಲಿಕೇಶನ್‌ಗಳು ಬೆರಳೆಣಿಕೆಯಷ್ಟು. ಲೈಬ್ರರಿಗಳು ಓಡುತ್ತಿದ್ದವು, ಕಾಗದ ಹಿಂದೆ ಬೀಳುತ್ತಿತ್ತು.

ಕಂಪನಿಗಳ ಕಡೆಯಿಂದಲೂ ಪ್ರಯತ್ನ ಆಗಿತ್ತು. 2002ರಲ್ಲಿ ಸೂಸೆ, ಕಾಲ್ಡೆರಾ, ಟರ್ಬೋಲಿನಕ್ಸ್, ಕೊನೆಕ್ಟಿವಾ ಸೇರಿ ಯುನೈಟೆಡ್‌ಲಿನಕ್ಸ್ ಅಂತ ಒಂದೇ ಅಡಿಪಾಯ ಕಟ್ಟಿದರು. ರೆಡ್ ಹ್ಯಾಟ್ ಅದರಲ್ಲಿರಲಿಲ್ಲ, ಡೆಬಿಯನ್ ಇರಲಿಲ್ಲ. ಕಾಲ್ಡೆರಾ ಎಸ್‌ಸಿಓ ಅಂತ ಹೆಸರು ಬದಲಿಸಿಕೊಂಡು 2003ರಲ್ಲಿ ಲಿನಕ್ಸ್ ವಿಷಯಕ್ಕೇ ಐಬಿಎಂ ಮೇಲೆ ಕೇಸು ಹಾಕಿತು. ಆ ಒಕ್ಕೂಟ ಅಲ್ಲಿಗೆ ಮುಗಿಯಿತು.

ಹಸಿರುಕರ್ಸರ್

ಮರುಬೂಟ್ ಅವರೇ, ತುಂಬಾ ಥ್ಯಾಂಕ್ಸ್. ಆಬ್ಜ್‌ಡಂಪ್ ಓಡಿಸಿದೆ, ನೀವು ಹೇಳಿದ ಹಾಗೇ ಇದೆ. ಹಳೇಟಾರ್‌ಬಾಲ್ ಅವರ ಮಾತು ಓದಿ ಇನ್ನೊಂದು ಸಂಶಯ ಬಂತು. ಹಾಗಾದರೆ ಮಾನಕ ಬರೆಯುವುದೇ ದಂಡವಾ?

ಬೇರುಬಳ್ಳಿ

ದಂಡ ಅಲ್ಲ. ಯಾವ ಕ್ರಮದಲ್ಲಿ ಮಾಡುತ್ತೀರಿ ಅನ್ನುವುದು ಮುಖ್ಯ. ಮೊದಲು ಕೆಲಸ ಮಾಡುವ ಒಂದು ತುಣುಕು ಇರಬೇಕು, ಅದನ್ನು ಬೇರೆಯವರೂ ಎತ್ತಿಕೊಳ್ಳುವಷ್ಟು ಚಿಕ್ಕದಾಗಿರಬೇಕು. ಬರಹ ಆಮೇಲೆ. ಎಲ್‌ಎಸ್‌ಬಿ ಇಡೀ ಡಿಸ್ಟ್ರೋವನ್ನೇ ಕಾಗದದ ಮೇಲೆ ಹಿಡಿಯಲು ಹೋಯಿತು. ಗೆದ್ದಿರುವ ಒಪ್ಪಂದಗಳೆಲ್ಲ ಚಿಕ್ಕವು.

ಬೇರೆ ಬೇರೆ ಡೆಸ್ಕ್‌ಟಾಪ್‌ಗಳಿಗೆ ಸಾಮಾನ್ಯ ಒಪ್ಪಂದ ಮಾಡುವ ಫ್ರೀಡೆಸ್ಕ್‌ಟಾಪ್ ಯೋಜನೆ ನೋಡಿ. ಹ್ಯಾವೊಕ್ ಪೆನಿಂಗ್ಟನ್ 2000ದಲ್ಲಿ ಶುರು ಮಾಡಿದ್ದು. ನೀವು ಒಂದು ಅಪ್ಲಿಕೇಶನ್ ಹಾಕಿದ ತಕ್ಷಣ ಅದು ಗ್ನೋಮ್ ಡೆಸ್ಕ್‌ಟಾಪ್‌ನ ಮೆನುವಿನಲ್ಲೂ ಕೆಡಿಇ ಡೆಸ್ಕ್‌ಟಾಪ್‌ನ ಮೆನುವಿನಲ್ಲೂ ಕಾಣುತ್ತದೆ ಅಲ್ವಾ? ಅದು ‘ಡೆಸ್ಕ್‌ಟಾಪ್’ ಅನ್ನುವ ಕೆಲವೇ ಸಾಲಿನ ಫೈಲಿನ ಕೆಲಸ. ಹೆಸರು, ಐಕಾನ್, ಓಡಿಸುವ ಕಮಾಂಡ್, ಅಷ್ಟೇ. ಜಗಳ ಆಡದೇ ಎಲ್ಲರೂ ಪಾಲಿಸುತ್ತಿದ್ದಾರೆ. ಎಷ್ಟು ಸಲೀಸಾಗಿ ನಡೆಯುತ್ತಿದೆ ಅಂದರೆ ಅದು ಒಪ್ಪಂದ ಅನ್ನುವುದೇ ಬಳಸುವವರಿಗೆ ಗೊತ್ತಿಲ್ಲ.

ನನಗೆ ತುಂಬಾ ಇಷ್ಟವಾದದ್ದು ‘ಓಎಸ್-ರಿಲೀಸ್’ ಫೈಲ್. ಮುಂಚೆ ‘ಇದು ಯಾವ ಡಿಸ್ಟ್ರೋ’ ಅಂತ ತಿಳಿಯಲು ಸ್ಕ್ರಿಪ್ಟ್‌ಗಳು ಪಡುತ್ತಿದ್ದ ಪಾಡು ಹೇಳತೀರದು. ರೆಡ್ ಹ್ಯಾಟ್‌ದು ಒಂದು ಫೈಲ್, ಸೂಸೆಯದು ಇನ್ನೊಂದು, ಡೆಬಿಯನ್‌ದು ಮತ್ತೊಂದು, ಒಳಗಿನ ಬರಹದ ರೀತಿಯೂ ಬೇರೆ. 2012ರಲ್ಲಿ ಸಿಸ್ಟಂಡಿ (ಯಂತ್ರ ಶುರುವಾದಾಗ ಉಳಿದ ಸೇವೆಗಳನ್ನು ಎಬ್ಬಿಸಿ ನೋಡಿಕೊಳ್ಳುವ ಪ್ರೋಗ್ರಾಂ) ಬರೆಯುವವರು ಒಂದು ಸರಳ ಫೈಲ್ ಸೂಚಿಸಿದರು. ಒಂದು ಸಾಲಿಗೆ ಒಂದು ಮಾಹಿತಿ. ಐಡಿ ಅಂದರೆ ಡಿಸ್ಟ್ರೋದ ಹೆಸರು. ಅದರ ಜೊತೆಗೆ ‘ಐಡಿ-ಲೈಕ್’ ಅಂತ ಒಂದು ಸಾಲು ಇದೆ, ಅದೇ ಜಾಣತನ. ಲಿನಕ್ಸ್ ಮಿಂಟ್ ಅಲ್ಲಿ ‘ಉಬುಂಟು ಡೆಬಿಯನ್’ ಅಂತ ಬರೆದುಕೊಳ್ಳುತ್ತದೆ. ಸ್ಕ್ರಿಪ್ಟಿಗೆ ಮಿಂಟ್ ಯಾರು ಅಂತ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಈ ಸಾಲು ಓದಿ, ಉಬುಂಟು ಥರಾನೇ ನಡೆಸಿದರಾಯಿತು ಅಂತ ತಿಳಿಯುತ್ತದೆ. ನಾಳೆ ಯಾರೋ ಹೊಸ ಡಿಸ್ಟ್ರೋ ಮಾಡಿದರೂ ಹಳೇ ಸ್ಕ್ರಿಪ್ಟ್ ಕೆಡುವುದಿಲ್ಲ.

ಕತ್ತಲೆಥೀಮ್

ಸಿಸ್ಟಂಡಿಯನ್ನು ಸಹಕಾರದ ಉದಾಹರಣೆ ಅಂತ ಹೇಳುವುದಕ್ಕೆ ನನ್ನ ವಿರೋಧ ಇದೆ. ಫೆಡೋರಾ 2011ರಲ್ಲಿ ಹಾಕಿತು. ಆಮೇಲೆ ಗ್ನೋಮ್ ಅದರ ಮೇಲೆ ಜಾಸ್ತಿ ನಿಂತಿತು. 2014ರ ಫೆಬ್ರವರಿಯಲ್ಲಿ ಡೆಬಿಯನ್‌ನ ತಾಂತ್ರಿಕ ಸಮಿತಿ ಮತ ಎರಡು ಪಾಲಾದ ಮೇಲೆ ಅದನ್ನೇ ಆರಿಸಿತು. ಉಬುಂಟು ಅದೇ ಕೆಲಸಕ್ಕೆ ತಾನು ಮಾಡಿಕೊಂಡಿದ್ದ ಅಪ್‌ಸ್ಟಾರ್ಟ್ ಕೈಬಿಟ್ಟಿತು. ಒಪ್ಪದವರು ಡೆವುವಾನ್ ಅಂತ ಬೇರೆಯಾದರು. ಎಲ್ಲರೂ ಒಂದೇ ತುಣುಕು ಬಳಸುತ್ತಾರೆ ಅಂದ ಮಾತ್ರಕ್ಕೆ ಅದು ಸಹಕಾರ ಆಗುವುದಿಲ್ಲ. ಬೇರೆ ದಾರಿ ಉಳಿಯದಿದ್ದರೂ ಹಾಗೇ ಆಗುತ್ತದೆ.

ಬೇರುಬಳ್ಳಿ

ನಿಮ್ಮ ಮಾತು ಒಪ್ಪುತ್ತೇನೆ. ಅದಕ್ಕೇ ‘ಚಿಕ್ಕವು’ ಅನ್ನುವುದಕ್ಕೆ ಒತ್ತು ಕೊಟ್ಟೆ. ಆಲ್ಪೈನ್‌ನಲ್ಲಿ ಸಿಸ್ಟಂಡಿ ಇಲ್ಲ, ಓಪನ್‌ಆರ್‌ಸಿ ಇದೆ. ಆದರೂ ಅಲ್ಲಿ ಓಎಸ್-ರಿಲೀಸ್ ಫೈಲ್ ಇದೆ. ಡೆವುವಾನ್‌ನಲ್ಲೂ ಇದೆ. ಲಾಗಿನ್ ನೋಡಿಕೊಳ್ಳುವ ಭಾಗವನ್ನು ಸಿಸ್ಟಂಡಿಯಿಂದ ಬಿಡಿಸಿ ‘ಇಲಾಗಿಂಡ್’ ಅಂತ ಮಾಡಿದ್ದಾರೆ. ಸಿಸ್ಟಂಡಿ ಬೇಡ ಅನ್ನುವ ಡಿಸ್ಟ್ರೋಗಳು ಅದನ್ನು ಹಂಚಿಕೊಂಡು ಬಳಸುತ್ತಿವೆ. ಇಡೀ ಕಂತೆ ಒಪ್ಪದವರೂ ತಮಗೆ ಬೇಕಾದ ತುಣುಕು ಎತ್ತಿಕೊಳ್ಳಲು ಸಾಧ್ಯ ಇರಬೇಕು. ನಾನು ಸಹಕಾರ ಅನ್ನುವುದು ಅದಕ್ಕೆ.

ಕತ್ತಲೆಥೀಮ್

ಈ ಅರ್ಥದಲ್ಲಾದರೆ ಸರಿ.

ಪ್ಯಾಕೇಜ್‌ಕಾವಲು

ನಾನು ಒಂದು ಡಿಸ್ಟ್ರೋದಲ್ಲಿ ಪ್ಯಾಕೇಜ್ ನೋಡಿಕೊಳ್ಳುವವರಲ್ಲಿ ಒಬ್ಬ. ಇಲ್ಲಿಯವರೆಗೆ ಫೈಲ್ ಎಲ್ಲಿದೆ, ಹೆಸರೇನು ಅಂತ ಮಾತಾಯಿತು. ಅದಕ್ಕಿಂತ ದೊಡ್ಡ ವಿಷಯ ಪ್ಯಾಚ್‌ಗಳದ್ದು, ಅಂದರೆ ಕೋಡಿಗೆ ಹಾಕುವ ತಿದ್ದುಪಡಿಗಳದ್ದು.

ಪ್ರತಿ ಡಿಸ್ಟ್ರೋ ತಾನು ಕೊಡುವ ಪ್ಯಾಕೇಜಿನಲ್ಲಿ ಒಂದಿಷ್ಟು ಬದಲಾವಣೆ ಮಾಡುತ್ತದೆ. ಅದು ತಪ್ಪಲ್ಲ. ಆದರೆ ಆ ಬದಲಾವಣೆ ಮೂಲ ಯೋಜನೆಗೆ, ಅಂದರೆ ಅಪ್‌ಸ್ಟ್ರೀಮ್‌ಗೆ ಹೋಗದೇ ಡಿಸ್ಟ್ರೋದಲ್ಲೇ ಉಳಿದರೆ ಒಂದು ದಿನ ಕಾಡುತ್ತದೆ.

2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ (ಗೂಢಲಿಪಿ ಲೈಬ್ರರಿ) ಪ್ಯಾಕೇಜಿನಲ್ಲಿ ಒಂದು ಸಾಧನ ಎಚ್ಚರಿಕೆ ಕೊಡುತ್ತದೆ ಅಂತ ಸಾಲುಗಳನ್ನು ತೆಗೆದರು. ಕೀ ತಯಾರಿಸಲು ಬೇಕಾದ ಯಾದೃಚ್ಛಿಕತೆ ಬರುತ್ತಿದ್ದದ್ದೇ ಆ ಸಾಲುಗಳಿಂದ. ಆಮೇಲೆ ಉಳಿದದ್ದು ಬರೀ ಪ್ರೋಸೆಸ್ ನಂಬರ್. ಅದು ಸುಮಾರು 32 ಸಾವಿರದೊಳಗೇ ಇರುತ್ತದೆ. ಅಂದರೆ ಒಂದೊಂದು ಬಗೆಯ ಕೀಗೆ ಅಷ್ಟೇ ಸಾಧ್ಯತೆ, ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿ ಇಟ್ಟುಕೊಳ್ಳಬಹುದು. ಗೊತ್ತಾದದ್ದು 2008ರ ಮೇ ತಿಂಗಳಲ್ಲಿ. ಉಬುಂಟುವಿಗೂ ಹರಡಿತ್ತು. ಇನ್ನೊಂದು ಮುಖ್ಯ ಸಂಗತಿ ನೋಡಿ. ಡೆಬಿಯನ್ ಯಂತ್ರದಲ್ಲಿ ಮಾಡಿದ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಕೀಯನ್ನು ಜನ ಬೇರೆ ಡಿಸ್ಟ್ರೋದ ಸರ್ವರ್‌ಗಳಲ್ಲೂ ಹಾಕಿರುತ್ತಾರೆ. ಹಾಗಾಗಿ ಆ ಪ್ಯಾಚ್ ಇಲ್ಲದ ಡಿಸ್ಟ್ರೋದವರೂ ಕೀಗಳನ್ನು ಹುಡುಕಿ ತೆಗೆಯಬೇಕಾಯಿತು. ‘ಅದು ಅವರ ಸಮಸ್ಯೆ’ ಅನ್ನುವ ಮಾತು ನಮ್ಮಲ್ಲಿ ಯಾರಿಗೂ ಸಲ್ಲುವುದಿಲ್ಲ.

ಎರಡನೇ ಘಟನೆ 2024ರ ಮಾರ್ಚ್ 29ರದ್ದು, ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಅನ್ನುವ ಸಾಧನದ ಹಿಂಬಾಗಿಲು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್ ಆಂಡ್ರೆಸ್ ಫ್ರಾಯ್ಂಡ್ ತಮ್ಮ ಯಂತ್ರದಲ್ಲಿ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ನಿಧಾನ ಆಗಿದೆ ಅಂತ ಗಮನಿಸಿ ಬೆನ್ನುಹತ್ತಿದರು. ಎಕ್ಸ್‌ಝಡ್ 5.6.0 ಮತ್ತು 5.6.1ರಲ್ಲಿ ಯಾರೋ ಬೇಕಂತಲೇ ಕೋಡ್ ತುರುಕಿದ್ದು ಹಾಗೆ ಹೊರಬಂತು. ಎಸ್‌ಎಸ್‌ಎಚ್ ಸರ್ವರ್‌ಗೂ ಎಕ್ಸ್‌ಝಡ್‌ಗೂ ನೇರ ಸಂಬಂಧವೇ ಇಲ್ಲ. ಡೆಬಿಯನ್, ಫೆಡೋರಾ ಮುಂತಾದವು ‘ನಾನು ಸಿದ್ಧ’ ಅಂತ ಸಿಸ್ಟಂಡಿಗೆ ತಿಳಿಸಲು ಒಂದು ಪ್ಯಾಚ್ ಹಾಕಿದ್ದವು. ಆ ಪ್ಯಾಚ್ ಸಿಸ್ಟಂಡಿ ಲೈಬ್ರರಿಯನ್ನು ತಂದಿತು, ಅದು ಎಕ್ಸ್‌ಝಡ್ ಲೈಬ್ರರಿಯನ್ನು ತಂದಿತು. ಆರ್ಚ್‌ನಲ್ಲಿ ಈ ಪ್ಯಾಚ್ ಇರಲಿಲ್ಲ, ಹಾಗಾಗಿ ಅಲ್ಲಿ ಈ ದಾರಿ ತೆರೆದಿರಲಿಲ್ಲ.

ಇದರ ನಂತರ ಆದದ್ದು ನನಗೆ ಸಮಾಧಾನ ಕೊಟ್ಟಿತು. ಗುಟ್ಟಾಗಿ ಸುರಕ್ಷತೆ ವಿಷಯ ಹಂಚಿಕೊಳ್ಳಲು ಡಿಸ್ಟ್ರೋಗಳಿಗೆ ಮುಂಚಿನಿಂದಲೂ ಒಂದು ಸಾಮಾನ್ಯ ಮೇಲ್ ಪಟ್ಟಿ ಇದೆ. ಡೆಬಿಯನ್, ಫೆಡೋರಾ, ಓಪನ್‌ಸೂಸೆ ಎಲ್ಲರೂ ಬೇಗ ಹಿಂದಿನ ಆವೃತ್ತಿಗೆ ಮರಳಿದರು. ಅದೇ ವರ್ಷದ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8ರಲ್ಲಿ ಮೂಲದವರೇ ‘ನಾನು ಸಿದ್ಧ’ ಅನ್ನುವ ಕೆಲಸವನ್ನು ಯಾವ ಲೈಬ್ರರಿಯೂ ಬೇಡದ ಹಾಗೆ ಸೇರಿಸಿದರು. ಡಿಸ್ಟ್ರೋಗಳು ಆ ಪ್ಯಾಚ್ ಹೊತ್ತು ತಿರುಗುವ ಅಗತ್ಯವೇ ಹೋಯಿತು. ಇದು ಹಿಂದೆಯೇ ಆಗಿದ್ದರೆ ಅಂತ ಅನ್ನಿಸದೇ ಇರುವುದಿಲ್ಲ.

ಸೂಜಿದಾರ

ಪ್ಯಾಕೇಜ್‌ಕಾವಲು ಅವರೇ, ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ವಂದನೆ. ಆದರೆ ಹಸಿರುಕರ್ಸರ್ ಅವರ ಪ್ರೋಗ್ರಾಂಗೆ ಏನು ದಾರಿ? ಬೇಕಾದ ಲೈಬ್ರರಿಗಳನ್ನು ಡಿಸ್ಟ್ರೋದಿಂದ ಕೇಳದೇ ಓಡುವ ಫ್ಲ್ಯಾಟ್‌ಪ್ಯಾಕ್ ಪ್ಯಾಕೇಜ್ ಮಾಡಿದರೆ ಈ ರಗಳೆಯೇ ಇಲ್ಲ ಅಲ್ವಾ?

ಮರುಬೂಟ್

ಕಿಟಕಿ ತೆರೆಯುವ ಅಪ್ಲಿಕೇಶನ್ ಆಗಿದ್ದರೆ ನಾನೂ ಫ್ಲ್ಯಾಟ್‌ಪ್ಯಾಕ್ ಅಂತಲೇ ಹೇಳುತ್ತಿದ್ದೆ. ಎಲ್ಲ ಡಿಸ್ಟ್ರೋಗಳಲ್ಲೂ ಒಂದೇ ರನ್‌ಟೈಮ್ ಸಿಗುತ್ತದೆ. ಟರ್ಮಿನಲ್‌ನಲ್ಲಿ ಓಡುವ ಪುಟ್ಟ ಸಾಧನಕ್ಕೆ ಅದು ಹೊಂದುವುದಿಲ್ಲ. ಇದೇ ಥರದ ಸ್ನ್ಯಾಪ್‌ನಲ್ಲಿ ಕಮಾಂಡ್ ಸಾಧನಗಳು ಚೆನ್ನಾಗಿ ಓಡುತ್ತವೆ, ಆದರೆ ಸ್ಟೋರ್ ಉಬುಂಟು ಮಾಡುವ ಕಂಪನಿ ಕೆನಾನಿಕಲ್ ಒಬ್ಬರ ಕೈಯಲ್ಲೇ ಇದೆ. ಲಿನಕ್ಸ್ ಮಿಂಟ್ 2020ರಲ್ಲಿ ಅದು ತಾನಾಗಿ ಇನ್‌ಸ್ಟಾಲ್ ಆಗದಂತೆ ತಡೆದದ್ದು ಇದೇ ಕಾರಣಕ್ಕೆ. ಎಲ್ಲವನ್ನೂ ಒಂದೇ ಫೈಲಿನಲ್ಲಿ ಕಟ್ಟಿಡುವ ಆಪ್‌ಇಮೇಜ್ ಕೂಡ ಇದೆ, ಆದರೆ ಅದನ್ನು ತಯಾರಿಸುವಾಗಲೂ ಜಿಲಿಬ್‌ಸಿ ಪ್ರಶ್ನೆ ತಪ್ಪುವುದಿಲ್ಲ.

ಪೈಥಾನ್ ಬಳಗದವರು ಇದೇ ಸಮಸ್ಯೆಯನ್ನು ಚೆನ್ನಾಗಿ ಬಿಡಿಸಿದ್ದಾರೆ. 2016ರಲ್ಲಿ ಅವರು ‘ಮೆನಿಲಿನಕ್ಸ್’ ಅಂತ ಮಾಡಿದರು. ತುಂಬಾ ಹಳೆಯ ಒಂದು ಡಿಸ್ಟ್ರೋ ಹಿಡಿದು ಅದರಲ್ಲೇ ಕಂಪೈಲ್ ಮಾಡುವುದು. ಮೊದಲು ಸೆಂಟ್‌ಓಎಸ್ 5, ಆಮೇಲೆ 6, 7 ಹೀಗೆ. ಎಲ್ಲೆಡೆ ಇದ್ದೇ ಇರುವ ಕೆಲವೇ ಲೈಬ್ರರಿಗಳನ್ನು ಹೊರಗಿನಿಂದ ಬಳಸಬಹುದು, ಉಳಿದದ್ದೆಲ್ಲ ಜೊತೆಗೇ ಕಟ್ಟಿಕೊಂಡು ಹೋಗಬೇಕು. ಈಗ ಅವರು ಜಿಲಿಬ್‌ಸಿ ನಂಬರನ್ನೇ ಹೆಸರಿನಲ್ಲಿ ಇಡುತ್ತಾರೆ. 2.28ರ ಕಂಟೇನರ್ (ನಿಮ್ಮ ಯಂತ್ರದೊಳಗೇ ಬೇರೆಯಾಗಿ ಓಡುವ ಒಂದು ಡಿಸ್ಟ್ರೋ ಪರಿಸರ) ಆಲ್ಮಾಲಿನಕ್ಸ್ 8ರ ಮೇಲೆ ನಿಂತಿದೆ. ಅದರಲ್ಲಿ ಹೊಸ ಕಂಪೈಲರೂ ಇದೆ, ಸಿ ಪ್ಲಸ್ ಪ್ಲಸ್ ಲೈಬ್ರರಿಯ ಹೊಸ ಭಾಗಗಳನ್ನು ಅದು ನಿಮ್ಮ ಬೈನರಿಯೊಳಗೇ ಸೇರಿಸಿಬಿಡುತ್ತದೆ. ಪೈಥಾನ್ ಬೇಡದಿದ್ದರೂ ಆ ಕಂಟೇನರ್ ನೀವು ಬಳಸಬಹುದು. ಎಕ್ಸಿವ್2ವನ್ನು ಸ್ಟ್ಯಾಟಿಕ್ ಆಗಿ, ಅಂದರೆ ಬೈನರಿಯೊಳಗೇ, ಸೇರಿಸಿ. ಆಲ್ಪೈನ್‌ಗೆ ಮಾತ್ರ ಆಲ್ಪೈನ್ ಕಂಟೇನರಿನಲ್ಲೇ ಬೇರೆ ಬೈನರಿ ಮಾಡಬೇಕು.

ಪ್ಯಾಕೇಜ್‌ಕಾವಲು

ಹಾಗೇ ಮಾಡಿ, ಆದರೆ ಒಂದು ವಿನಂತಿ. ಎಕ್ಸಿವ್2 ಒಳಗೇ ಸೇರಿಸಿದರೆ, ಅದರಲ್ಲಿ ಸುರಕ್ಷತೆ ದೋಷ ಬಂದ ದಿನ ನೀವೇ ಮತ್ತೆ ಬೈನರಿ ಮಾಡಿ ಕೊಡಬೇಕು. ಹೊರಗಿನವರು ಕಳಿಸಿದ ಫೋಟೋ ಓದುವ ಲೈಬ್ರರಿ ಅದು, ದೋಷಗಳು ಬರುತ್ತಲೇ ಇರುತ್ತವೆ. ಡಿಸ್ಟ್ರೋದ ಪ್ಯಾಕೇಜ್ ಆಗಿದ್ದರೆ ಲೈಬ್ರರಿ ಒಂದನ್ನು ಸರಿಮಾಡಿದರೆ ಸಾಕು, ಅದನ್ನು ಬಳಸುವ ಎಲ್ಲ ಪ್ರೋಗ್ರಾಂಗಳೂ ಸರಿಹೋಗುತ್ತವೆ.

ಹಾಗಾಗಿ ಬಿಲ್ಡ್‌ನಲ್ಲಿ ‘ಸಿಸ್ಟಂ ಲೈಬ್ರರಿ ಬಳಸು’ ಅನ್ನುವ ಆಯ್ಕೆ ಇಡಿ. ಸೋರ್ಸನ್ನು ಆವೃತ್ತಿ ನಂಬರ್ ಹಾಕಿ ಬಿಡುಗಡೆ ಮಾಡಿ, ಲೈಸೆನ್ಸ್ ಫೈಲ್ ಸೇರಿಸಿ. ಬಿಲ್ಡ್ ಮಾಡುವಾಗ ಇಂಟರ್ನೆಟ್‌ನಿಂದ ಏನನ್ನೂ ಇಳಿಸಿಕೊಳ್ಳುವಂತಿರಬಾರದು, ತುಂಬಾ ಡಿಸ್ಟ್ರೋಗಳ ಬಿಲ್ಡ್ ಯಂತ್ರಗಳಲ್ಲಿ ಅದಕ್ಕೆ ಅವಕಾಶ ಇಲ್ಲ. ಇಷ್ಟು ಇದ್ದರೆ ಡೆಬಿಯನ್‌ದವರಿಗಾಗಲಿ ಫೆಡೋರಾದವರಿಗಾಗಲಿ ಪ್ಯಾಚ್ ಹಾಕುವ ಪ್ರಮೇಯವೇ ಬರುವುದಿಲ್ಲ.

ಹಸಿರುಕರ್ಸರ್

ಎಲ್ಲರಿಗೂ ಸುದ್ದಿ. 2.28 ಕಂಟೇನರಿನಲ್ಲಿ ಮಾಡಿದ ಬೈನರಿ ಡೆಬಿಯನ್ 11, ಉಬುಂಟು 22.04, ಫೆಡೋರಾ, ಆರ್ಚ್ ಎಲ್ಲದರಲ್ಲೂ ಓಡಿತು. ಆಲ್ಪೈನ್‌ದೂ ಬೇರೆಯಾಗಿ ಆಯಿತು.

ಸಿಸ್ಟಂ ಲೈಬ್ರರಿ ಆಯ್ಕೆಯನ್ನೂ ಸೇರಿಸಿದೆ. ಫೆಡೋರಾದಲ್ಲಿ ಅದರಿಂದ ಬಿಲ್ಡ್ ಮಾಡಲು ಹೋದಾಗ ಒಂದು ಕಡೆ ನಿಂತಿತು. ಫೋಟೋ ಅಡ್ಡವೋ ಉದ್ದವೋ ಅಂತ ಓದುವ ಜಾಗದಲ್ಲಿ ‘ಟು-ಲಾಂಗ್’ ಫಂಕ್ಷನ್ ಬಳಸಿದ್ದೆ, ಎಕ್ಸಿವ್2 0.28ರಲ್ಲಿ ಅದರ ಬದಲು ‘ಟು-ಇಂಟ್64’ ಬಂದಿದೆ. ಆವೃತ್ತಿ ನೋಡಿ ಎರಡರಲ್ಲಿ ಸರಿಯಾದದ್ದನ್ನು ಕರೆಯುವ ಹಾಗೆ ನನ್ನ ಕೋಡಿನಲ್ಲೇ ಬರೆದಿದ್ದೇನೆ. ಇದನ್ನು ಡಿಸ್ಟ್ರೋದವರು ಪ್ಯಾಚ್ ಮಾಡಿಕೊಳ್ಳಲಿ ಅಂತ ಬಿಡಲು ಮನಸ್ಸಾಗಲಿಲ್ಲ.

ಪ್ಯಾಕೇಜ್‌ಕಾವಲು

ಸರಿಯಾಗಿ ಮಾಡಿದ್ದೀರಿ. ಬಿಡುಗಡೆ ಆದ ಮೇಲೆ ಇಲ್ಲೇ ತಿಳಿಸಿ, ನಮ್ಮ ಡಿಸ್ಟ್ರೋಗೆ ಪ್ಯಾಕೇಜ್ ನಾನು ಮಾಡುತ್ತೇನೆ. ಬೇರೆ ಡಿಸ್ಟ್ರೋದವರು ಯಾರಾದರೂ ಇದ್ದರೆ ಪ್ಯಾಕೇಜ್ ಹೆಸರನ್ನು ಈಗಲೇ ಒಂದೇ ಇಟ್ಟುಕೊಳ್ಳೋಣ.

ಸೂಜಿದಾರ

ನಾನು ಓಪನ್‌ಸೂಸೆಗೆ ಮಾಡುತ್ತೇನೆ. ಹೆಸರು ನೀವು ಇಟ್ಟದ್ದೇ ಇರಲಿ.